ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರ ಚರಿತ್ರೆ

ಕಾಯಕ ಮತ್ತು ದಾಸೋಹ ಇವೆರಡೂ ಶರಣಧರ್ಮದ ಆಧಾರಸ್ತಂಭಗಳು. ತನುಮನಗಳನ್ನು ದುಡಿಸಿ ಗಳಿಸಿದುದನ್ನು ಗುರು ಲಿಂಗ ಜಂಗಮರ ಸೇವೆಗೆ ಸಲ್ಲಿಸುವವನೇ ಭಕ್ತನೆಂದು ಹನ್ನೆರಡನೆಯ ಶತಮಾನದ ಶರಣರು ವಿಧಿಸಿದರು. ಈ ವಿಧಿಯ ಮುಂದೆ ಮಂತ್ರಿಯೂ ಮಡಿವಾಳನೂ ಅಂಬಿಗನೂ ಸಮಾನರಾದರು. ಆದರೆ ಹುಟ್ಟಿನಿಂದಲೇ ಕಣ್ಣಿಲ್ಲದವನು, ಕೈಕಾಲು ಊನವಾದವನು ಕಾಯಕವನ್ನು ಹೇಗೆ ಮಾಡಬೇಕು? ಕಾಯಕವಿಲ್ಲದವನು ದಾಸೋಹವನ್ನು ಎಂತು ನಡೆಸಬೇಕು? ಈ ಪ್ರಶ್ನೆಗೆ ಲೋಕವು ಬಹುಕಾಲ ಒಂದೇ ಉತ್ತರವನ್ನು ಕೊಡುತ್ತ ಬಂದಿತು. ಅಂಥವನ ಕೈಗೆ ಭಿಕ್ಷಾಪಾತ್ರೆಯನ್ನು ಇತ್ತು, ಅದರಲ್ಲಿ ಒಂದು ಹಿಡಿ ಧಾನ್ಯವನ್ನು ಹಾಕಿ, ಪುಣ್ಯವನ್ನು ಮಾತ್ರ ತಾನು ಕಟ್ಟಿಕೊಂಡಿತು. ಕೊಡುವ ಭಾಗ್ಯವು ಕಣ್ಣುಳ್ಳವರಿಗೆ, ಬೇಡುವ ಹಣೆಬರಹವು ಕುರುಡರಿಗೆ ಎಂಬಂತೆ ವ್ಯವಸ್ಥೆಯು ನಡೆಯಿತು. ಎಲ್ಲ ಭೇದಗಳನ್ನು ಅಳಿಸಿದೆವೆಂದುಕೊಂಡ ಸಮಾಜದಲ್ಲಿ ಈ ಒಂದು ಭೇದವು ದಯೆಯ ವೇಷವನ್ನು ಧರಿಸಿ ಉಳಿದುಕೊಂಡಿತ್ತು.

ಈ ಭೇದವನ್ನು ತಮ್ಮ ಬಾಳಿನಿಂದಲೇ ಅಳಿಸಿ ತೋರಿಸಿದ ಮಹಾನುಭಾವರು ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು. ಶ್ರೀಮಠದ ಮಹೋತ್ಸವದ ಈ ಶುಭಸಂದರ್ಭದಲ್ಲಿ ಬಾದನಹಟ್ಟಿ, ಕುರುಗೋಡು, ಸಿರುಗುಪ್ಪ ಸೀಮೆಯ ಭಕ್ತಮಹಾಜನರ ಮುಂದೆ ಅವರ ಚರಿತ್ರೆಯನ್ನು ಇಡುವದು ಉಚಿತವೆಂದು ಭಾವಿಸಿದ್ದೇವೆ. ನಮ್ಮ ಸೀಮೆಯು ದಾಸೋಹಕ್ಕೆ ಹಿಂದೆಗೆದುದಲ್ಲ. ತುಂಗಭದ್ರೆಯ ಕಾಲುವೆಗಳು ಬರುವದಕ್ಕೆ ಮೊದಲು ಮಳೆಯೊಂದನ್ನೇ ನೆಚ್ಚಿದ ಎರೆಭೂಮಿಯಲ್ಲಿ ಜೋಳವನ್ನೂ ಹತ್ತಿಯನ್ನೂ ಬೆಳೆದು, ಬರಗಾಲವನ್ನು ಕಂಡೂ ಮಠದ ಒಲೆಯನ್ನು ಆರಗೊಡದ ಒಕ್ಕಲುಮಕ್ಕಳ ಸೀಮೆಯಿದು. ಆದುದರಿಂದಲೇ ದಾಸೋಹದ ಮುಂದಿನ ಮೆಟ್ಟಿಲು ಯಾವದೆಂಬುದನ್ನು ನಾವು ತಿಳಿಯುವದು ಅಗತ್ಯ.

ಶ್ರೀ ಗವಾಯಿಗಳವರು 1892ನೆಯ ಇಸವಿ ಫೆಬ್ರುವರಿ ತಿಂಗಳ 2ನೆಯ ತಾರೀಖಿನಂದು, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯೆಂಬ ಸಣ್ಣ ಗ್ರಾಮದಲ್ಲಿ ಜನ್ಮವೆತ್ತಿದರು. ತಂದೆ ಗುರುಪಾದಯ್ಯನವರು ಚರಂತಿಮಠ ಮನೆತನದವರು, ತಾಯಿ ನೀಲಮ್ಮನವರು. ಮನೆಯಲ್ಲಿ ಬಡತನವಿತ್ತು. ಕೂಸಿಗೆ ಗದಿಗೆಯ್ಯನೆಂದು ನಾಮಕರಣವಾಯಿತು. ಕೂಸು ಜನ್ಮಾಂಧವಾಗಿತ್ತು. ಒಡಹುಟ್ಟಿದ ಗುರುಬಸವಯ್ಯನಿಗೂ ದೃಷ್ಟಿಯಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧಬಾಲಕರು! ಆಗಿನ ಕಾಲದಲ್ಲಿ ಇಂಥ ಮನೆಯನ್ನು ಕಂಡವರು ಹಿಂದಿನ ಜನ್ಮದ ಪಾಪವೆಂದು ತೀರ್ಮಾನ ಹೇಳಿ ಮುಂದೆ ಸಾಗುತ್ತಿದ್ದರು. ಆ ತಾಯಿತಂದೆಗಳ ಹೃದಯದಲ್ಲಿ ಎಂಥ ಕತ್ತಲೆ ಕವಿದಿದ್ದಿತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ತಮ್ಮ ತರುವಾಯ ಈ ಮಕ್ಕಳ ಗತಿಯೇನೆಂಬ ಚಿಂತೆಗಿಂತ ದೊಡ್ಡ ಚಿಂತೆ ಹೆತ್ತವರಿಗೆ ಬೇರೆ ಯಾವದಿದೆ?

ಆದರೆ ಭಗವಂತನು ಈ ಬಾಲಕರಿಗೆ ಕಂಠಮಾಧುರ್ಯವನ್ನು ಕೊಟ್ಟಿದ್ದನು. ಕೇಳಿದ ಹಾಡನ್ನು ಕೇಳಿದಂತೆಯೇ ಹಾಡುವ ಶಕ್ತಿ ಅವರಲ್ಲಿತ್ತು. ಇವರ ಗಾನವು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರ ಕಿವಿಗೆ ಬಿದ್ದಿತು. ಈ ಮಹಾಸ್ವಾಮಿಗಳವರ ಹೆಸರನ್ನು ಅರಿಯದ ಲಿಂಗಾಯತನು ಕರ್ನಾಟಕದಲ್ಲಿ ವಿರಳ. 1867ನೆಯ ಇಸವಿಯಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಅವತರಿಸಿ, 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣಕರ್ತರಾಗಿ, 1909ರಲ್ಲಿ ಬಾದಾಮಿಯ ಸಮೀಪದ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಕಟ್ಟಿ, ಮಠಗಳ ವಟುಗಳಿಗೆ ವಿದ್ಯೆ ಮತ್ತು ಯೋಗಗಳ ಶಿಕ್ಷಣವನ್ನು ಕೊಡಿಸಿದ ಯುಗಪುರುಷರು ಅವರು. ಬೇರೆಯವರು ಈ ಬಾಲಕರ ಹಾಡನ್ನು ಕೇಳಿ ತಲೆದೂಗಿ, ಕೈಗೆ ಒಂದು ಕಾಸನ್ನಿತ್ತು ಹೊರಟುಹೋಗುತ್ತಿದ್ದರು. ಶ್ರೀ ಕುಮಾರಸ್ವಾಮಿಗಳವರು ಹಾಗೆ ಮಾಡಲಿಲ್ಲ. ಮಕ್ಕಳನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಶಾಸ್ತ್ರೋಕ್ತವಾಗಿ ಸಂಗೀತವನ್ನು ಕಲಿಸಲು ಏರ್ಪಾಡು ಮಾಡಿದರು. ಅನ್ನವನ್ನು ಕೊಟ್ಟಿದ್ದರೆ ಒಂದು ಹೊತ್ತಿನ ಹಸಿವೆ ಅಡಗುತ್ತಿತ್ತು. ವಿದ್ಯೆಯನ್ನು ಕೊಟ್ಟುದರಿಂದ ಸಾವಿರಾರು ಮಕ್ಕಳ ಹಸಿವೆ ಅಡಗಿತು. ಈ ಒಂದು ನಿರ್ಣಯದಲ್ಲಿಯೇ ಮುಂದಿನ ಚರಿತ್ರೆಯೆಲ್ಲವೂ ಬೀಜರೂಪದಲ್ಲಿ ಅಡಗಿತ್ತೆಂದರೆ ತಪ್ಪಾಗಲಾರದು.

ಗದಿಗೆಯ್ಯನವರ ವಿದ್ಯಾಭ್ಯಾಸವು ಸುಲಭವಾಗಿ ನಡೆದುದಲ್ಲ. ಮೊದಲು ಕರ್ನಾಟಕ ಪದ್ಧತಿಯ ಪಾಠ. ಅದಕ್ಕಾಗಿ ದೂರದ ಮೈಸೂರಿಗೆ ಹೋಗಿ ವೆಂಕಟರಮಣಯ್ಯನವರೆಂಬ ವಿದ್ವಾಂಸರ ಬಳಿ ಸೇವೆ ಮಾಡಿದರು. ಊರೂ ಹೊಸದು, ದಾರಿಯೂ ಹೊಸದು; ಕೋಲೊಂದು ಕೈಯಲ್ಲಿ, ಗುರುವಿನ ಅಪ್ಪಣೆಯೊಂದು ತಲೆಯ ಮೇಲೆ. ಅನಂತರ ಉತ್ತರಾದಿ ಪದ್ಧತಿಯ ಹಂಬಲವು ಹುಟ್ಟಿ, ನೀಲಕಂಠಬುವಾ ಮಿರಜಕರ ಅವರಲ್ಲಿ ಅಭ್ಯಾಸವಾಯಿತು. ಅದಾದ ಮೇಲೆ ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದಖಾನರ ಬಳಿ ಕಠಿಣ ಸಾಧನೆ ನಡೆಯಿತು. ಹೀಗೆ ದಕ್ಷಿಣಾದಿ ಉತ್ತರಾದಿಗಳೆರಡನ್ನೂ ವಶಮಾಡಿಕೊಂಡು, ತಬಲಾ ಮೊದಲಾದ ವಾದ್ಯಗಳಲ್ಲಿಯೂ ಪರಿಣತಿಯನ್ನು ಪಡೆದು, ಗದಿಗೆಯ್ಯನು ಪಂಚಾಕ್ಷರ ಗವಾಯಿಯಾದನು.

ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. ಶಿಷ್ಯನು ಜಂಗಮ ಕುಲದವನು, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಒಬ್ಬ ಗುರುವು ಮೈಸೂರಿನ ಸಂಪ್ರದಾಯದ ವಿದ್ವಾಂಸರು, ಇನ್ನೊಬ್ಬ ಗುರುವು ಮುಸಲ್ಮಾನ ಉಸ್ತಾದರು. ಶಿಷ್ಯನನ್ನು ಪೋಷಿಸಿದವರು ವಿರಕ್ತಪೀಠದ ಸ್ವಾಮಿಗಳು. ಯಾರೂ ಯಾರ ಮತವನ್ನೂ ಬಿಡಲಿಲ್ಲ, ಬಿಡಿಸಲೂ ಇಲ್ಲ. ವಿದ್ಯೆಯ ಮುಂದೆ ಶಿಷ್ಯನು ತಲೆಬಾಗಿದನು. ಯೋಗ್ಯ ಶಿಷ್ಯನನ್ನು ಕಂಡು ಗುರುವು ಮನಬಿಚ್ಚಿ ಕೊಟ್ಟನು. ಸಮಾಜದಲ್ಲಿ ಒಮ್ಮತವನ್ನು ಉಂಟುಮಾಡುವದಕ್ಕೆ ಎಷ್ಟೋ ಸಭೆಗಳು ಕೂಡಬೇಕಾಗುವವು. ಇಲ್ಲಿ ಒಂದು ತಂಬೂರಿಯ ಶ್ರುತಿಯು ಆ ಕಾರ್ಯವನ್ನು ಮಾಡಿತು.

ವಿದ್ಯೆಯು ಕೈಗೂಡಿದ ಮೇಲೆ ಗವಾಯಿಗಳವರ ಮುಂದೆ ಎರಡು ದಾರಿಗಳಿದ್ದವು. ಅರಮನೆಗಳಲ್ಲಿಯೂ ಶ್ರೀಮಂತರ ಮಹಲುಗಳಲ್ಲಿಯೂ ಹಾಡಿ ಸುಖವಾಗಿ ಬಾಳುವದು ಒಂದು. ತಮ್ಮಂತೆಯೇ ಕತ್ತಲೆಯಲ್ಲಿ ಬಿದ್ದಿರುವ ಮಕ್ಕಳನ್ನು ಹುಡುಕಿ, ಅವರಿಗೆ ವಿದ್ಯೆಯನ್ನು ಎರೆಯುವದು ಇನ್ನೊಂದು. ಅವರು ಎರಡನೆಯದನ್ನು ಹಿಡಿದರು. ಆಜನ್ಮ ಬ್ರಹ್ಮಚರ್ಯವನ್ನು ಕೈಕೊಂಡು, ಅಂಧರು, ಅನಾಥರು, ಬಡವರು ಇವರಿಗೆ ಸಂಗೀತವನ್ನು ಕಲಿಸುವದನ್ನೇ ತಮ್ಮ ಲಿಂಗಪೂಜೆಯ ಅಂಗವನ್ನಾಗಿ ಮಾಡಿಕೊಂಡರು. ಇದಕ್ಕೆ ಶ್ರೀ ಕುಮಾರಸ್ವಾಮಿಗಳವರ ಅಪ್ಪಣೆಯೂ ಆಶೀರ್ವಾದವೂ ಇದ್ದವು.

ಆ ಪಾಠಶಾಲೆಗೆ ಮೊದಮೊದಲು ಗೋಡೆಗಳಿರಲಿಲ್ಲ, ಛಾವಣಿಯಿರಲಿಲ್ಲ. ಅದು ಸಂಚಾರಿ ಪಾಠಶಾಲೆಯಾಗಿತ್ತು. ಗುರುಗಳು ಯಾವ ಊರಿನಲ್ಲಿ ಬೀಡುಬಿಟ್ಟರೆ ಆ ಊರಿನ ಮಠವೋ ಗುಡಿಯೋ ಪಾಠಶಾಲೆ. ಒಂದು ಊರಿನಲ್ಲಿ ಕೆಲವು ದಿನಗಳು, ಅಲ್ಲಿಯ ಭಕ್ತರಿಗೆ ಭಾರವಾಗುವದಕ್ಕೆ ಮೊದಲು ಇನ್ನೊಂದು ಊರು. ಕುರುಡ ಗುರುವಿನ ಹಿಂದೆ ಕುರುಡ ಶಿಷ್ಯರ ಸಾಲು ಒಬ್ಬರ ಹೆಗಲನ್ನೊಬ್ಬರು ಹಿಡಿದು ನಡೆಯಬೇಕು. ನಡುನಡುವೆ ಕಣ್ಣುಳ್ಳ ಹುಡುಗರು ಹಾರ್ಮೋನಿಯಂ ತಬಲಾಗಳನ್ನು ಹೊತ್ತುಕೊಳ್ಳಬೇಕು. ಮಳೆ ಬಂದರೆ ವಾದ್ಯಗಳ ಚಿಂತೆ, ಸಂಜೆಯಾದರೆ ಮಕ್ಕಳ ಊಟದ ಚಿಂತೆ. ಗುರುಗಳವರು ಕೀರ್ತನೆಯಿಂದ ಬಂದ ಕಾಣಿಕೆಯನ್ನು ತಮ್ಮದೆಂದು ಮುಟ್ಟದೆ, ಮಕ್ಕಳ ಅನ್ನಕ್ಕೆ ಸಲ್ಲಿಸುತ್ತಿದ್ದರು.

ಕಾಣಿಕೆಯು ಸಾಲದಾದಾಗ ಅವರು ಒಂದು ಸಾಹಸಕ್ಕೆ ಕೈಹಾಕಿದರು. ತಮ್ಮ ಗುರುಗಳಾದ ಕುಮಾರೇಶ್ವರರ ಹೆಸರಿನಲ್ಲಿ ನಾಟಕ ಮಂಡಳಿಯನ್ನು ಕಟ್ಟಿದರು. ಮಠದ ಪರಂಪರೆಯವರೊಬ್ಬರು ನಾಟಕದ ರಂಗವನ್ನು ಕಟ್ಟುವದೆಂದರೆ ಆ ಕಾಲದಲ್ಲಿ ಸಾಮಾನ್ಯ ಮಾತಲ್ಲ. ಬಣ್ಣ ಹಚ್ಚುವವರನ್ನು ಊರವರು ಹಗುರಾಗಿ ಕಾಣುತ್ತಿದ್ದರು. ವಿಭೂತಿಗೂ ಬಣ್ಣಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ಕೊರತೆಯಿರಲಿಲ್ಲ. ಆದರೆ ಗವಾಯಿಗಳವರ ವಿಚಾರವು ಸ್ಪಷ್ಟವಾಗಿತ್ತು. ಸಭ್ಯವಾದ ಶರಣಕಥೆಗಳನ್ನು ಆಡಿ ತೋರಿಸಿದರೆ ಜನರಿಗೆ ಧರ್ಮಬೋಧೆಯಾಗುವದು. ತಮ್ಮ ಹುಡುಗರಿಗೆ ಹಾಡುವ, ನುಡಿಸುವ ಕಾಯಕ ದೊರೆಯುವದು. ಅವರು ಉಣ್ಣುವ ಅನ್ನವು ಬೇಡಿ ತಂದುದಾಗದೆ ದುಡಿದು ತಂದುದಾಗುವದು. ನಾಟಕದ ಆದಾಯವು ನಮ್ಮ ಎರೆಹೊಲದ ಮಳೆಯಿದ್ದಂತೆ. ಒಂದು ಊರಿನಲ್ಲಿ ತುಂಬಿ ಸುರಿದರೆ ಮತ್ತೊಂದು ಊರಿನಲ್ಲಿ ಹನಿಯೂ ಇಲ್ಲ. ಇಷ್ಟೆಲ್ಲ ಅನಿಶ್ಚಯದ ನಡುವೆಯೂ ಮಕ್ಕಳ ಬೆಳಗಿನ ಸ್ವರಸಾಧನೆಯನ್ನು ಅವರು ಕೈಬಿಡಲಿಲ್ಲ.

ಪಾಠಶಾಲೆಯಲ್ಲಿ ಜಾತಿಯ ವಿಚಾರಣೆಯಿರಲಿಲ್ಲ. ಬಂದ ಬಾಲಕನಿಗೆ ಕುಲವು ಯಾವದೆಂದು ಕೇಳುವದಕ್ಕೆ ಬದಲಾಗಿ ಕಂಠವು ಹೇಗಿದೆ, ಕಲಿಯುವ ಹಂಬಲವು ಎಷ್ಟಿದೆಯೆಂದು ಮಾತ್ರ ನೋಡಲಾಗುತ್ತಿತ್ತು. ಕಂಠವು ಒಲಿಯದಿದ್ದರೆ ಕೈಗೆ ವಾದ್ಯ. ಕಣ್ಣುಳ್ಳವರೂ ಕಣ್ಣಿಲ್ಲದವರೂ ಒಂದೇ ಪಂಕ್ತಿಯಲ್ಲಿ ಊಟ, ಒಂದೇ ಚಾಪೆಯಲ್ಲಿ ಪಾಠ. ಸಂಗೀತದ ವಿದ್ಯೆಯು ಕಿವಿಯಿಂದ ಕಿವಿಗೆ ಬರುವಂಥದು; ಪುಸ್ತಕವನ್ನು ಓದಲಾರದವನೂ ಅದರಲ್ಲಿ ಹಿಂದೆ ಬೀಳಬೇಕಾಗಿಲ್ಲ. ಗುರುವು ಶಿಷ್ಯನ ಬೆರಳುಗಳನ್ನು ತನ್ನ ಕೈಯಿಂದ ಹಿಡಿದು ಹಾರ್ಮೋನಿಯಮ್ಮಿನ ಮನೆಗಳ ಮೇಲೆ ಇಡಬಹುದು. ತಬಲೆಯ ಬೋಲುಗಳನ್ನು ಬಾಯಿಪಾಠ ಮಾಡಿಸಿ ಕೈಗೆ ಇಳಿಸಬಹುದು. ಕಣ್ಣುಳ್ಳ ಹುಡುಗನು ಸಾಹಿತ್ಯವನ್ನು ಓದಿ ಹೇಳುವನು, ಕಣ್ಣಿಲ್ಲದ ಹುಡುಗನು ಅದನ್ನು ನೆನಪಿನಲ್ಲಿಟ್ಟು ತಿರುಗಿ ಅವನಿಗೇ ಒಪ್ಪಿಸುವನು. ಇಲ್ಲಿ ಉಪಕಾರ ಮಾಡುವವನು ಯಾರು, ಪಡೆಯುವವನು ಯಾರು? ಇಬ್ಬರೂ ಕೊಟ್ಟರು, ಇಬ್ಬರೂ ಪಡೆದರು. ಸಮತೆಯೆಂಬುದು ಇದಕ್ಕಿಂತ ಬೇರೆಯಲ್ಲ.

ಗುರುಗಳವರ ಗರಡಿಯಲ್ಲಿ ಪಳಗಿದವರ ಹೆಸರುಗಳನ್ನು ಕರ್ನಾಟಕವು ಮರೆಯಲಾರದು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮುಂತಾದ ಗಾಯಕರು ಅವರ ಬಳಿ ಕಲಿತವರು. ಇವರಲ್ಲಿ ರಾಜಗುರುಗಳ ಪ್ರಸಂಗವೊಂದು ನಮ್ಮ ಸೀಮೆಗೆ ಸಂಬಂಧಿಸಿದುದು. ಅದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. 1936ನೆಯ ಇಸವಿಯಲ್ಲಿ ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನೆರವೇರಿತು. ಆಗ ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತದಲ್ಲಿಯೂ, ಗದಗು ಧಾರವಾಡಗಳು ಮುಂಬಯಿ ಪ್ರಾಂತದಲ್ಲಿಯೂ ಇದ್ದವು. ಕನ್ನಡಿಗರು ಸರಕಾರಗಳ ಗಡಿಯಿಂದ ಬೇರ್ಪಟ್ಟಿದ್ದರೂ ಗದಗಿನಿಂದ ಹೊಸಪೇಟೆ ಬಳ್ಳಾರಿಗಳಿಗೆ ಬರುವ ರೈಲುದಾರಿಯಂತೆ ನಾದದ ದಾರಿಯೂ ತೆರೆದೇ ಇತ್ತು. ಆ ಉತ್ಸವದಲ್ಲಿ ಹದಿನಾರು ವಯಸ್ಸಿನ ಬಸವರಾಜನು ಮಹಾಸಭೆಯ ಮುಂದೆ ಹಾಡಲು ಕುಳಿತನು. ಅವನಿಗೆ ತಬಲಾ ಸಾಥಿಗೆ ಕುಳಿತವರು ಯಾರು? ಸ್ವತಃ ಗುರುಗಳಾದ ಪಂಚಾಕ್ಷರ ಗವಾಯಿಗಳವರೇ.

ಸಂಗೀತಸಭೆಯ ರೀತಿಯನ್ನು ಬಲ್ಲವರಿಗೆ ಇದರ ಅರ್ಥವಾಗುವದು. ಮುಂದೆ ಕುಳಿತು ಹಾಡುವವನದು ಮೊದಲ ಸ್ಥಾನ, ಸಾಥ ಕೊಡುವವನದು ಅವನ ಪಕ್ಕದ ಸ್ಥಾನ. ನಾಡೆಲ್ಲ ಪೂಜಿಸುವ ಗುರುವು ತಾನಾಗಿ ಆ ಪಕ್ಕದ ಸ್ಥಾನವನ್ನು ಆರಿಸಿಕೊಂಡು, ತನ್ನ ಬಾಲಶಿಷ್ಯನನ್ನು ಮೊದಲ ಸ್ಥಾನದಲ್ಲಿ ಕುಳ್ಳಿರಿಸಿ, ಅವನ ಲಯವು ತಪ್ಪದಂತೆ ಕೈಯಾಸರೆಯಾಗಿ ನಿಂತರು. ಶಿಷ್ಯನ ಕೀರ್ತಿಯಿಂದ ತಮ್ಮ ಕೀರ್ತಿ ಕುಂದುವದೆಂಬ ಭಯ ಅವರಿಗಿರಲಿಲ್ಲ. ಕಿರಿಯನನ್ನು ಮೇಲೆತ್ತುವದಕ್ಕೆ ಹಿರಿಯನು ಕೆಲಹೊತ್ತು ಕೆಳಗೆ ಕುಳಿತುಕೊಳ್ಳಬೇಕಾಗುವದು. ಮಠಗಳೂ ಮನೆಗಳೂ ಊರುಗಳೂ ಇದನ್ನು ಕಲಿತರೆ ಅರ್ಧ ಜಗಳಗಳು ತಾವಾಗಿಯೇ ಅಡಗುವವು.

ಗುರುಗಳವರಿಗೆ ದೊರೆತ ಶಿಷ್ಯರತ್ನಗಳಲ್ಲಿ ಶ್ರೇಷ್ಠರು ಶ್ರೀ ಪುಟ್ಟರಾಜ ಗವಾಯಿಗಳವರು. 1914ನೆಯ ಇಸವಿ ಮಾರ್ಚ ತಿಂಗಳ 3ನೆಯ ತಾರೀಖಿನಂದು ಜನಿಸಿದ ಈ ಬಾಲಕನು ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡನು; ತಾಯಿತಂದೆಗಳ ನೆರಳೂ ಬೇಗನೆ ತಪ್ಪಿತು. ಸೋದರಮಾವನ ಆಸರೆಯಲ್ಲಿದ್ದ ಈ ಬಾಲಕನನ್ನು ಪಂಚಾಕ್ಷರ ಗವಾಯಿಗಳವರು ತಮ್ಮ ಬಳಿ ಇರಿಸಿಕೊಂಡರು. ಒಬ್ಬ ಕುರುಡ ಬಾಲಕನ ಕೈಯನ್ನು ಕುಮಾರೇಶ್ವರರು ಹಿಡಿದಿದ್ದರು. ಆ ಬಾಲಕನು ಬೆಳೆದು ಇನ್ನೊಬ್ಬ ಕುರುಡ ಬಾಲಕನ ಕೈಯನ್ನು ಹಿಡಿದನು. ದಾಸೋಹವು ಹೀಗೆ ಕೈಯಿಂದ ಕೈಗೆ ನಡೆಯಿತು. ಗುರುಗಳವರು ಪುಟ್ಟರಾಜನಿಗೆ ಎರಡೂ ಪದ್ಧತಿಗಳ ಗಾಯನವನ್ನೂ ಅನೇಕ ವಾದ್ಯಗಳನ್ನೂ ಕಲಿಸಿ, ತಮ್ಮ ತರುವಾಯದ ಭಾರವನ್ನು ಹೊರುವ ಹೆಗಲನ್ನು ಸಿದ್ಧಪಡಿಸಿದರು.

1930ನೆಯ ಇಸವಿಯಲ್ಲಿ ಶ್ರೀ ಕುಮಾರಸ್ವಾಮಿಗಳವರು ಲಿಂಗೈಕ್ಯರಾದರು. ಆಶ್ರಯವೃಕ್ಷವೇ ಉರುಳಿದಂತಾದರೂ ಗವಾಯಿಗಳವರು ಧೈರ್ಯಗೆಡಲಿಲ್ಲ. ಊರೂರು ತಿರುಗಿ ದಣಿದ ಈ ಪಾಠಶಾಲೆಗೆ ಕೊನೆಗೆ ಗದಗ ಪಟ್ಟಣದಲ್ಲಿ ನೆಲೆ ದೊರೆಯಿತು. ಅಲ್ಲಿಯ ಬಸರಿಗಿಡದ ವೀರಪ್ಪನವರೆಂಬ ಉದಾರಿಗಳು ಸ್ಥಳವನ್ನಿತ್ತು ಪುಣ್ಯಕಟ್ಟಿಕೊಂಡರು. 1942ರಲ್ಲಿ ವೀರೇಶ್ವರ ಪುಣ್ಯಾಶ್ರಮವು ಗದಗಿನಲ್ಲಿ ಸ್ಥಿರವಾಗಿ ನೆಲೆಗೊಂಡಿತು. ಹೆಗಲು ಹಿಡಿದು ನಡೆಯುತ್ತಿದ್ದ ಮಕ್ಕಳಿಗೆ ತಮ್ಮದೆನ್ನುವ ಒಂದು ಹೊಸಿಲು ಲಭಿಸಿತು. ಆ ಹೊಸಿಲಿನ ಎತ್ತರವನ್ನು ಒಮ್ಮೆ ಕಾಲಿಗೆ ಪರಿಚಯ ಮಾಡಿಕೊಂಡರೆ ಕುರುಡನಿಗೆ ಆ ಮನೆಯಲ್ಲಿ ಕೋಲೂ ಬೇಕಾಗಲಾರದು. ನೆಲೆಯೆಂದರೆ ಏನೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ನೆಲೆಗೊಂಡ ಆ ಆಶ್ರಮದಲ್ಲಿ ಗುರುಗಳವರು ಹೆಚ್ಚು ಕಾಲ ಇರುವ ಯೋಗವಿರಲಿಲ್ಲ. 1944ನೆಯ ಇಸವಿ ಜೂನ ತಿಂಗಳ 11ನೆಯ ತಾರೀಖಿನಂದು, ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ತಮ್ಮದೆಂದು ಅವರು ಬಿಟ್ಟುಹೋದ ಆಸ್ತಿಯೆಂದರೆ ಹಾಡಬಲ್ಲ, ನುಡಿಸಬಲ್ಲ, ತಲೆಯೆತ್ತಿ ನಡೆಯಬಲ್ಲ ಮಕ್ಕಳು.

ಅವರ ತರುವಾಯ ಶ್ರೀ ಪುಟ್ಟರಾಜ ಗವಾಯಿಗಳವರು ಅರುವತ್ತಾರು ವರ್ಷಗಳ ಕಾಲ ಆಶ್ರಮದ ಭಾರವನ್ನು ಹೊತ್ತರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಬಸವಪುರಾಣವನ್ನು ಹಿಂದಿಗೆ ತಂದರು. ಅಂಧರು ಬೆರಳಿನಿಂದ ಓದುವ ಬ್ರೈಲ್ ಲಿಪಿಯಲ್ಲಿ ಭಗವದ್ಗೀತೆಯನ್ನು ಸಿದ್ಧಪಡಿಸಿದರು. ಭಕ್ತರು ಊರೂರುಗಳಲ್ಲಿ ಅವರಿಗೆ ತುಲಾಭಾರ ಸೇವೆಯನ್ನು ಸಲ್ಲಿಸಿದರು. ತಕ್ಕಡಿಯಲ್ಲಿ ಬಂದುದೆಲ್ಲವೂ ಆಶ್ರಮದ ಮಕ್ಕಳ ಅನ್ನವಾಯಿತು. 2010ನೆಯ ಇಸವಿಯಲ್ಲಿ ಭಾರತ ಸರಕಾರವು ಪದ್ಮಭೂಷಣವನ್ನಿತ್ತು ಗೌರವಿಸಿತು. ಅದೇ ವರ್ಷದ ಸಪ್ಟಂಬರ 17ನೆಯ ತಾರೀಖಿನಂದು ಅವರು ಲಿಂಗೈಕ್ಯರಾದರು. ಒಬ್ಬ ಅಂಧನಿಂದ ಮತ್ತೊಬ್ಬ ಅಂಧನಿಗೆ ಬಂದ ಈ ದೀಪವು ಗದಗಿನಲ್ಲಿ ಇಂದಿಗೂ ಆರಿಲ್ಲ.

ಭಕ್ತಮಹಾಜನರೇ, ಈ ಚರಿತ್ರೆಯನ್ನು ಓದಿ ಕೈಮುಗಿದು ಗ್ರಂಥವನ್ನು ಮುಚ್ಚಿಟ್ಟರೆ ನಮ್ಮ ಕರ್ತವ್ಯವು ತೀರಲಿಲ್ಲ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಅಂಗವೈಕಲ್ಯವುಳ್ಳವರು 2 ಕೋಟಿ 68 ಲಕ್ಷ ಜನರು. ಈ ದೊಡ್ಡ ಸಂಖ್ಯೆಯಲ್ಲಿ ನಮ್ಮ ಬಾದನಹಟ್ಟಿಯಂಥ ಊರುಗಳ ಮಕ್ಕಳೂ ಸೇರಿದ್ದಾರೆ. ಅವರ ಹಕ್ಕುಗಳನ್ನು ಕಾಪಾಡಲು 2016ರಲ್ಲಿ ಶಾಸನವಾಗಿದೆ. ಶಾಲೆಯಲ್ಲಿ ಸ್ಥಾನ, ಸರಕಾರಿ ನೌಕರಿಯಲ್ಲಿ ಪಾಲು ಇವು ಈಗ ದಯೆಯ ಮಾತುಗಳಲ್ಲ, ನ್ಯಾಯದ ಮಾತುಗಳು. ಆದರೆ ಶಾಸನವು ಮನೆಯ ಹೊಸಿಲಿನವರೆಗೆ ಬರಬಲ್ಲದು. ಒಳಗೆ ಬಂದು ಮೂಲೆಯಲ್ಲಿ ಕುಳ್ಳಿರಿಸಿದ ಮಗುವನ್ನು ಎಬ್ಬಿಸಲಾರದು. ಅದನ್ನು ಮಾಡಬೇಕಾದವರು ತಾಯಿತಂದೆಗಳು, ನೆರೆಹೊರೆಯವರು, ಮಠದವರು. ನೆಂಟರು ಬಂದಾಗ ಕುರುಡ ಮಗುವನ್ನು ಮರೆಮಾಡುವ ಮನೆಗಳು ಇನ್ನೂ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೇ? ಜಾತ್ರೆಯ ದಿನ ಪಂಕ್ತಿಯ ಕೊನೆಯಲ್ಲಿ ಅವರಿಗೆ ಎಲೆ ಹಾಕಿ, ಅದನ್ನೇ ದಾಸೋಹವೆಂದು ತೃಪ್ತಿಪಡುವ ನಮ್ಮ ರೂಢಿಯು ಪೂರ್ಣವಾದುದೇ?

ಆ ಪಂಕ್ತಿಯಲ್ಲಿ ಉಣ್ಣುವವನು ಮುಂದಿನ ಜಾತ್ರೆಯಲ್ಲಿ ಬಡಿಸುವವನಾಗಬೇಕು. ಭಜನೆಯ ಮೇಳದಲ್ಲಿ ಅವನಿಗೆ ತಾಳವೋ ತಬಲೆಯೋ ಸಿಗಬೇಕು. ಶಾಲೆಯ ವಯಸ್ಸಿನ ಮಗುವಾದರೆ ಶಾಲೆಗೆ ಹೋಗಬೇಕು. ಅವನ ಹೆಸರನ್ನು ಕುರುಡನೆಂದು ಕರೆಯದೆ ತಾಯಿತಂದೆಗಳಿಟ್ಟ ಹೆಸರಿನಿಂದ ಕರೆಯಬೇಕು. ಇವು ಹಣ ಬೇಡುವ ಕಾರ್ಯಗಳಲ್ಲ, ಮನಸ್ಸು ಬೇಡುವ ಕಾರ್ಯಗಳು. ಕಾಡಶೆಟ್ಟಿಹಳ್ಳಿಯ ಬಡಮನೆಯಲ್ಲಿ ಹುಟ್ಟಿದ ಗದಿಗೆಯ್ಯನಲ್ಲಿ ಗಾನಯೋಗಿಯಿದ್ದನೆಂಬುದನ್ನು ಒಬ್ಬ ಸ್ವಾಮಿಗಳು ಕಂಡರು. ನಮ್ಮ ಓಣಿಯಲ್ಲಿ ಯಾರಿದ್ದಾರೆಂಬುದನ್ನು ನಾವು ಇನ್ನೂ ನೋಡಬೇಕಾಗಿದೆ.

ದಾನವು ಕೈಯನ್ನು ತುಂಬಿಸುವದು, ವಿದ್ಯೆಯು ಕೈಯನ್ನು ಕೊಡುವ ಕೈಯನ್ನಾಗಿ ಮಾಡುವದು. ಶ್ರೀ ಪಂಚಾಕ್ಷರ ಗವಾಯಿಗಳವರ ಬಾಳು ಸಾರುವ ತತ್ತ್ವವಿದು. ಆ ಗಾನಯೋಗಿಗಳ ಕೃಪೆಯು ಶ್ರೀಮಠದ ಸಕಲ ಸದ್ಭಕ್ತರ ಮೇಲಿರಲಿ. ಕೊಡುವವರೂ ಪಡೆಯುವವರೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವ ದಿನವು ನಮ್ಮ ಸೀಮೆಗೆ ಬರಲೆಂದು ಶ್ರೀಗುರುವಿನ ಅಡಿದಾವರೆಗಳಲ್ಲಿ ಪ್ರಾರ್ಥಿಸುತ್ತೇವೆ.

ಸರ್ವೇ ಜನಾಃ ಸುಖಿನೋ ಭವಂತು. ಮಂಗಲಮಸ್ತು.